ಬಾಡಿಗೆ ಬಾಕಿ: ಬೀಗ ಹಾಕುವ ಮೊದಲು



ಕಳೆದ ತಿಂಗಳ ಒಂದು ಜುಮಾ ಖುತ್ಬಾದಲ್ಲಿ ನಾವು ಹುಕೂಕುಲ್ ಇಬಾದ್, ಅಂದರೆ ಮನುಷ್ಯರು ಒಬ್ಬರಿಗೊಬ್ಬರು ಸಲ್ಲಿಸಬೇಕಾದ ಹಕ್ಕುಗಳ ಬಗ್ಗೆ ಮಾತನಾಡಿದ್ದೆವು. ನಮಾಝ್ ಮುಗಿದ ಮೇಲೆ ಒಬ್ಬ ಯುವಕ ಬಂದು ಕೇಳಿದ: "ಹಜ್ರತ್, ಅಬ್ಬಾ ತೀರಿಕೊಂಡ ಮೇಲೆ ಅಮ್ಮಿಯ ಜೀವನ ನಡೆಯುವುದೇ ಒಂದು ಮನೆಯ ಬಾಡಿಗೆಯಿಂದ. ಎಂಟು ತಿಂಗಳಿಂದ ಒಂದು ರೂಪಾಯಿ ಬಂದಿಲ್ಲ. ನಾಳೆ ಹೋಗಿ ಬೀಗ ಹಾಕಿಬಿಡಲೇ?"

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಎಲ್ಲಿಗೆ ಹೋದರೂ ಈ ಪ್ರಶ್ನೆ ನಮಗೆ ಎದುರಾಗುತ್ತದೆ. ಮಾಲೀಕರೆಂದರೆ ಎಲ್ಲರೂ ಶ್ರೀಮಂತರಲ್ಲ. ಗಂಡ ಬಿಟ್ಟುಹೋದ ಒಂದು ಮನೆ ಅಥವಾ ಮಳಿಗೆಯನ್ನೇ ನಂಬಿ ಬದುಕುವ ವಿಧವೆಯರು ನಮ್ಮ ಮೊಹಲ್ಲಾಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಆದ್ದರಿಂದ ಶರೀಅತ್ ಏನು ಹೇಳುತ್ತದೆ, ದೇಶದ ಕಾನೂನು ಯಾವ ದಾರಿ ತೋರಿಸುತ್ತದೆ ಎಂಬ ಎರಡನ್ನೂ ಇಲ್ಲಿ ವಿವರಿಸುತ್ತಿದ್ದೇವೆ.

ಬಾಡಿಗೆ ಒಂದು ಸಾಲ

ಮನೆಯಲ್ಲಿ ವಾಸಿಸಿ ತಿಂಗಳು ಕಳೆದ ಕೂಡಲೇ ಆ ಬಾಡಿಗೆ ಬಾಡಿಗೆದಾರನ ಮೇಲಿನ ಸಾಲವಾಗುತ್ತದೆ. ಕೈಯಲ್ಲಿ ಹಣವಿದ್ದೂ ಸಾಲ ತೀರಿಸದೆ ಮುಂದೂಡುವುದು ಅನ್ಯಾಯವೆಂದು ಪ್ರವಾದಿ ಮುಹಮ್ಮದ್(ಸ)ರು ಕಲಿಸಿದ್ದಾರೆ. ಇನ್ನೊಂದೆಡೆ, ಸಾಲಗಾರ ನಿಜವಾಗಿಯೂ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಸಮಯ ಕೊಡಬೇಕೆಂದು ಸೂರಃ ಅಲ್ ಬಖರದ 280ನೇ ವಚನ ಆದೇಶಿಸುತ್ತದೆ. ಆದ್ದರಿಂದ ಮೊದಲು ತಿಳಿಯಬೇಕಾದದ್ದು: ಈತ ಕೊಡಲಾಗದವನೋ, ಕೊಡಲು ಮನಸ್ಸಿಲ್ಲದವನೋ?

ನಮ್ಮ ಸೀಮೆಯಲ್ಲಿ ಇದು ಬಹಳ ಮುಖ್ಯ. ಇಲ್ಲಿ ಅನೇಕರ ಆದಾಯ ತಂಬಾಕು ಹರಾಜಿನ ದಿನಗಳಿಗೋ ಕೊಡಗಿನ ಕಾಫಿ ಕೊಯ್ಲಿಗೋ ಅಂಟಿಕೊಂಡಿದೆ. ಮಳೆಗಾಲದಲ್ಲಿ ಕೈ ಖಾಲಿ ಇರುವವನು ಹರಾಜಿನ ನಂತರ ಒಟ್ಟಿಗೆ ಕೊಡಬಲ್ಲ. ಅಂಥವನೊಂದಿಗೆ ಕಂತಿನ ಒಪ್ಪಂದ ಮಾಡಿಕೊಳ್ಳುವುದೇ ಒಳ್ಳೆಯದು. ಪೂರ್ತಿ ದಿವಾಳಿಯಾದವನು ಝಕಾತ್‌ಗೆ ಅರ್ಹನಾಗಬಹುದು, ಏಕೆಂದರೆ ಝಕಾತಿನ ಎಂಟು ಬಾಬ್ತುಗಳಲ್ಲಿ ಸಾಲದಲ್ಲಿ ಮುಳುಗಿದವರದೂ ಒಂದು. ಜಮಾಅತ್ ಅವನ ಬಾಡಿಗೆ ತೀರಿಸಲು ನೆರವಾಗಬಹುದು. ಆದರೆ ಬಾರದ ಬಾಕಿಯನ್ನು ಮನ್ನಾ ಮಾಡಿ, ಅದನ್ನೇ ತನ್ನ ಝಕಾತ್ ಎಂದು ಮಾಲೀಕ ಲೆಕ್ಕ ಹಾಕುವುದನ್ನು ಹೆಚ್ಚಿನ ಉಲಮಾಗಳು ಒಪ್ಪುವುದಿಲ್ಲ.

ಬೀಗ ಏಕೆ ಹಾಕಬಾರದು

ಯುವಕನಿಗೆ ನಾವು ಹೇಳಿದ್ದು: "ಬೇಡಪ್ಪಾ, ಬೀಗ ಹಾಕಿದರೆ ನ್ಯಾಯ ನಿನ್ನ ಕೈತಪ್ಪಿ ಅವನ ಕಡೆ ಹೋಗುತ್ತದೆ." ಮನೆಯಲ್ಲಿ ನೆಲೆಸಿರುವವನನ್ನು, ಅವನಿಗೆ ಅಲ್ಲಿರುವ ಹಕ್ಕು ಮುಗಿದಿದ್ದರೂ, ಕಾನೂನಿನ ಮೂಲಕವಲ್ಲದೆ ಮಾಲೀಕ ಹೊರಹಾಕುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಸ್ಪಷ್ಟಪಡಿಸಿದೆ. ಹಾಗೆ ಬಲವಂತದಿಂದ ಹೊರಬಿದ್ದವನು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಮನೆಯೊಳಗೆ ಬರಬಹುದು. ಆ ದಾವೆಯಲ್ಲಿ "ಮನೆ ನನ್ನದು" ಎಂಬ ಮಾಲೀಕನ ವಾದ ನಡೆಯುವುದಿಲ್ಲ. ಸಾಮಾನು ಬೀದಿಗೆಸೆಯುವುದು, ಕರೆಂಟು ನೀರು ಕಡಿಯುವುದು, ಬೈಕನ್ನೋ ಆಧಾರ್ ಕಾರ್ಡನ್ನೋ ಕಿತ್ತಿಟ್ಟುಕೊಳ್ಳುವುದು, ಬೆದರಿಸುವುದು, ಇವೆಲ್ಲ ಮಾಲೀಕನನ್ನೇ ಪೊಲೀಸ್ ಠಾಣೆಗೆ ಕರೆಸುವ ಕೆಲಸಗಳು. ಮೊಹಲ್ಲಾದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಸರು ಹಾಕಿ ಮಾನ ಕಳೆಯುವುದೂ ಸಲ್ಲದು. ಒಬ್ಬನ ಮಾನ ಅವನ ಮಾಲಿನಷ್ಟೇ ಪವಿತ್ರ.

ಕಾನೂನಿನ ದಾರಿ

ಮೊದಲನೆಯದು, ಬರವಣಿಗೆ. ಸಾಲದ ವ್ಯವಹಾರವನ್ನು ಬರೆದಿಡಿ ಎಂದು ಖುರ್‌ಆನಿನ ಅತಿ ದೀರ್ಘ ವಚನವೇ (2:282) ಕಲಿಸುತ್ತದೆ. ನಾವೋ "ನಮ್ಮವರೇ ಅಲ್ಲವೇ" ಎಂದು ಬಾಯಿಮಾತಿನಲ್ಲಿ ಮನೆ ಕೊಡುತ್ತೇವೆ. ಕರಾರು ಪತ್ರವನ್ನು ಸರಿಯಾದ ಛಾಪಾ ಕಾಗದದ ಮೇಲೆ ಬರೆಸಿ. ಛಾಪಾ ಶುಲ್ಕ ಕಡಿಮೆಯಾದ ಪತ್ರಕ್ಕೆ ಕೋರ್ಟಿನಲ್ಲಿ ಕರ್ನಾಟಕ ಛಾಪಾ ಕಾಯ್ದೆಯಡಿ ಹತ್ತು ಪಟ್ಟು ದಂಡ ಬೀಳಬಹುದು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರಾದರೆ ನೋಂದಣಿ ಕಡ್ಡಾಯ. ಹನ್ನೊಂದು ತಿಂಗಳ ಕರಾರಿನ ರೂಢಿ ಬಂದದ್ದು ಇದರಿಂದಲೇ. ಬಾಡಿಗೆಯನ್ನು ಬ್ಯಾಂಕ್ ಅಥವಾ ಯುಪಿಐ ಮೂಲಕ ಪಡೆಯಿರಿ, ನಗದಾದರೆ ರಸೀದಿ ಕೊಡಿ. ಮುಂಗಡ ಹಣ ನಿಮ್ಮ ಬಳಿ ಇರುವ ಅವನ ಹಕ್ಕು. ಬಾಕಿಯನ್ನು ಅದರಲ್ಲಿ ಮುರಿದುಕೊಳ್ಳುವ ಷರತ್ತನ್ನು ಮೊದಲೇ ಬರೆದುಕೊಳ್ಳಿ, ಉಳಿದದ್ದನ್ನು ಮರಳಿಸಿ.

ಎರಡನೆಯದು, ಮಾತುಕತೆ. ಇಬ್ಬರು ಹಿರಿಯರ ಮುಂದೆ ಕುಳಿತು, "ಇಷ್ಟು ತಿಂಗಳ ಇಷ್ಟು ಬಾಕಿ ಇದೆ, ಇಂಥ ದಿನಾಂಕಗಳಂದು ಇಷ್ಟಿಷ್ಟು ಕೊಡುತ್ತೇನೆ" ಎಂದು ಬರೆಸಿ ಬಾಡಿಗೆದಾರನ ಸಹಿ ಪಡೆಯಿರಿ.

ಈ ಸಹಿಯ ಬೆಲೆ ನಾವು ಕಲಿತದ್ದು ನಮ್ಮದೇ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಒಬ್ಬ ವಿಧವೆ ತಾಯಿ ಇದೇ ದೂರು ತಂದಾಗ "ಸಬ್ರ್ ಮಾಡಿ ಖಾಲಾ, ಕೊಡುತ್ತಾನೆ" ಎಂದು ಮತ್ತೆ ಮತ್ತೆ ಕಳುಹಿಸಿದೆವು. ಕೊನೆಗೆ ಅವರು ವಕೀಲರ ಬಳಿ ಹೋದಾಗ ಹಳೆಯ ಬಾಕಿಯ ಅವಧಿ ಮೀರಿತ್ತು. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಪ್ರತಿ ತಿಂಗಳ ಬಾಡಿಗೆಯನ್ನು ಅದು ಬಾಕಿಯಾದ ದಿನದಿಂದ ಮೂರು ವರ್ಷದೊಳಗೆ ಕೇಳಿ ದಾವೆ ಹಾಕಬೇಕು. ಆ ಮೂರು ವರ್ಷ ಮುಗಿಯುವ ಮೊದಲೇ ಬಾಡಿಗೆದಾರ ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ, ಆ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಆ ತಾಯಿಗೆ ನಾವು ಸಬ್ರ್ ಜೊತೆಗೆ ಒಂದು ಹಾಳೆ ಕಾಗದವನ್ನೂ ಹೇಳಬೇಕಿತ್ತು. ಅಲ್ಲಾಹನು ನಮ್ಮನ್ನು ಕ್ಷಮಿಸಲಿ.

ಮೂರನೆಯದು, ನೋಟಿಸ್. ಮಾತುಕತೆ ಫಲಿಸದಿದ್ದರೆ ವಕೀಲರಿಂದ ಸ್ವೀಕೃತಿ ಸಹಿತ ಅಂಚೆಯಲ್ಲಿ ನೋಟಿಸ್ ಕಳುಹಿಸಿ. ಬೇರೆ ಕರಾರಿಲ್ಲದಿದ್ದರೆ, ತಿಂಗಳ ಲೆಕ್ಕದ ಬಾಡಿಗೆಯನ್ನು ಮುಗಿಸಲು 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ 15 ದಿನಗಳ ನೋಟಿಸ್ ಬೇಕು. ಕಡಿಮೆ ಬಾಡಿಗೆಯ ಕೆಲವು ಮನೆಗಳಿಗೂ ಚಿಕ್ಕ ಮಳಿಗೆಗಳಿಗೂ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸಬಹುದು. ಅಲ್ಲಿ ಬಾಕಿ ತೀರಿಸಲು ಎರಡು ತಿಂಗಳು ಕೊಡಬೇಕು. ನಿಮ್ಮದು ಯಾವುದರಡಿ ಬರುತ್ತದೆಂದು ವಕೀಲರಲ್ಲಿ ಮೊದಲೇ ಕೇಳಿ. ನೋಟಿಸ್ ನಂತರ ಬಾಡಿಗೆ ಪಡೆಯುವಾಗಲೂ ಅವರನ್ನು ಕೇಳಿಯೇ ರಸೀದಿ ಬರೆಯಿರಿ, ಇಲ್ಲವಾದರೆ ನೋಟಿಸನ್ನೇ ಕೈಬಿಟ್ಟಂತೆ ಆದೀತು.

ನಾಲ್ಕನೆಯದು, ದಾವೆ. ಇದಕ್ಕಾಗಿ ಮೈಸೂರಿಗೆ ಓಡಬೇಕಿಲ್ಲ, ನಮ್ಮ ತಾಲ್ಲೂಕು ಕೇಂದ್ರಗಳಲ್ಲೇ ಸಿವಿಲ್ ನ್ಯಾಯಾಲಯಗಳಿವೆ. ಬಾಕಿ ಬಾಡಿಗೆ, ಮನೆಯ ಸ್ವಾಧೀನ, ನೋಟಿಸ್ ನಂತರವೂ ಉಳಿದುಕೊಂಡ ದಿನಗಳ ಪರಿಹಾರ, ಮೂರನ್ನೂ ಒಂದೇ ದಾವೆಯಲ್ಲಿ ಕೇಳಬಹುದು. ವಕೀಲರು ರೂಢಿಯಂತೆ ಬಡ್ಡಿಯನ್ನೂ ಸೇರಿಸುತ್ತಾರೆ. ನಾವು ಅದನ್ನು ಬಿಡಿಸಬೇಕು. ಅಸಲು ಬಾಡಿಗೆ ಮತ್ತು ನಿಜವಾದ ಖರ್ಚು ನಮ್ಮ ಹಕ್ಕು, ಬಡ್ಡಿ ಅಲ್ಲ.

ಲೋಕ ಅದಾಲತ್‌ನ ಅವಕಾಶವನ್ನು ಮರೆಯಬೇಡಿ. ಅಲ್ಲಿ ಇಬ್ಬರೂ ಒಪ್ಪಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲವಿದೆ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸಾಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ನಮ್ಮ ವಿಧವೆ ತಾಯಂದಿರಿಗೆ ಇದನ್ನು ತಪ್ಪದೆ ತಿಳಿಸಿ.

ಡಿಕ್ರಿ ಆದ ಮೇಲೂ ಹಣ ಬರದಿದ್ದರೆ ನ್ಯಾಯಾಲಯದ ಮೂಲಕವೇ ಜಪ್ತಿ ಮಾಡಿಸಬೇಕು. ಆಗಲೂ ಸಾಲಗಾರನ ಕುಟುಂಬದ ಬಟ್ಟೆ, ಹಾಸಿಗೆ, ಅಡುಗೆ ಪಾತ್ರೆ, ಕುಶಲಕರ್ಮಿಯ ಉಪಕರಣಗಳನ್ನು ಕಾನೂನು ಮುಟ್ಟಗೊಡುವುದಿಲ್ಲ. ಹಕ್ಕು ಕೇಳುವಾಗ ಕರುಣೆಯನ್ನೂ ಉಳಿಸಿಕೊಳ್ಳಿ ಎಂಬ ದೀನಿನ ಪಾಠ ಇಲ್ಲಿಯೂ ಕಾಣುತ್ತದೆ.

ಎರಡು ಎಚ್ಚರಿಕೆ

ಇಲ್ಲಿ ಹೇಳಿದ್ದು ಮನೆ ಮಳಿಗೆಗಳಿಗೆ ಮಾತ್ರ. ನಮ್ಮ ಹುಣಸೂರಿನವರೇ ಆದ ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ, 1974ರಲ್ಲಿ ಆದ ಭೂಸುಧಾರಣೆ ತಿದ್ದುಪಡಿಯಿಂದ ಹೊಲ ಗದ್ದೆ ಗೇಣಿಯ ಕಾನೂನೇ ಬೇರೆಯಾಯಿತು. ಅದಕ್ಕೆ ಈ ಲೇಖನವನ್ನು ಆಧರಿಸಬೇಡಿ.

ಮಸೀದಿಯ ಮಳಿಗೆಗಳಿಗೂ ವಕ್ಫ್ ಕಾನೂನು ಪ್ರತ್ಯೇಕವಾಗಿದೆ, ವ್ಯಾಜ್ಯಗಳು ವಕ್ಫ್ ನ್ಯಾಯಮಂಡಳಿಗೆ ಹೋಗುತ್ತವೆ. ಮುತವಲ್ಲಿಗಳೂ ಕಮಿಟಿಯವರೂ ತಮ್ಮ ಸಂಬಂಧಿಕನೆಂದು ಬಾಕಿ ಬಿಡುವಂತಿಲ್ಲ. ಸ್ವಂತ ಬಾಡಿಗೆಯನ್ನು ಮನ್ನಾ ಮಾಡುವುದು ದಾನ, ವಕ್ಫಿನ ಬಾಡಿಗೆಯನ್ನು ಮನಸ್ಸಿಗೆ ಬಂದಂತೆ ಬಿಡುವುದು ಅಮಾನತ್‌ಗೆ ದ್ರೋಹ.

ಬಾಡಿಗೆದಾರ ಸಹೋದರರಿಗೂ ಒಂದು ಮಾತು. ಶಹೀದನ ಪಾಪಗಳೂ ಮನ್ನಿಸಲ್ಪಡುತ್ತವೆ, ಸಾಲವೊಂದನ್ನು ಬಿಟ್ಟು ಎಂದು ಹದೀಸ್ ನಮಗೆ ಕಲಿಸುತ್ತದೆ. ಕಷ್ಟವಿದ್ದರೆ ಮುಖ ಮರೆಸಬೇಡಿ, ಫೋನ್ ಎತ್ತಿ, ಹೋಗಿ ಹೇಳಿ.

ಆ ಯುವಕ ಬೀಗ ಹಾಕಲಿಲ್ಲ. ಹಿರಿಯರ ಮುಂದೆ ಇಬ್ಬರೂ ಕುಳಿತರು, ಬಾಕಿಯ ಪಟ್ಟಿ ಬರೆದು ಸಹಿಯಾಯಿತು, ಮೊದಲ ಕಂತು ಅಮ್ಮಿಯ ಕೈ ಸೇರಿದೆ. ಉಳಿದದ್ದು ಬರದಿದ್ದರೆ ಮುಂದಿನ ದಾರಿ ಅವರಿಗೆ ಗೊತ್ತಿದೆ.

ಪಡೆಯುವಾಗ ನ್ಯಾಯವನ್ನೂ ಕೊಡುವಾಗ ಪ್ರಾಮಾಣಿಕತೆಯನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.