ಗೋಡೆ ಇರುವ ಕೋಶ, ಇಲ್ಲದ ಕೋಶ

ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವ ನನಗೆ ಈರುಳ್ಳಿ ಪೊರೆಯಷ್ಟು ಇಷ್ಟದ ಪಾಠ ಇನ್ನೊಂದಿಲ್ಲ. ತೆಳ್ಳನೆಯ ಪೊರೆ ಸುಲಿದು, ಸಾಫ್ರನಿನ್ ಹನಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ಇಟ್ಟಿಗೆ ಜೋಡಿಸಿದ ಹಾಗೆ ಉದ್ದುದ್ದ ಕೋಶಗಳು. ಕೆನ್ನೆಯ ಒಳಗಿನಿಂದ ಮೆಲ್ಲಗೆ ಕೆರೆದು ತೆಗೆದ ಕೋಶಗಳಿಗೆ ಅಂಥ ಶಿಸ್ತಿಲ್ಲ: ಚಪ್ಪಟೆ, ಅಂಚು ಸೊಟ್ಟ, ಕೆಲವು ಮಡಚಿಕೊಂಡಿರುತ್ತವೆ. ಮೆಥಿಲೀನ್ ಬ್ಲೂ ಹಾಕಿದರೆ ಕೋಶಕೇಂದ್ರ ಕಡುನೀಲಿ ಚುಕ್ಕೆಯಾಗಿ ಕಾಣುತ್ತದೆ.

ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಸೆಲ್ಯುಲೋಸಿನ ಕೋಶಭಿತ್ತಿ. 1665ರಲ್ಲಿ ರಾಬರ್ಟ್ ಹುಕ್ ಕಾರ್ಕ್ ಚೂರಿನಲ್ಲಿ ಕಂಡದ್ದು ಸತ್ತ ಕೋಶಗಳ ಭಿತ್ತಿಯನ್ನೇ. ಸಸ್ಯಕೋಶದ ದೊಡ್ಡ ರಸದಾನಿ ನೀರು ತುಂಬಿಕೊಂಡು ಒಳಗಿನಿಂದ ಒತ್ತುತ್ತದೆ. ಕೋಶಕೇಂದ್ರ ಬದಿಗೆ ಸರಿಯುತ್ತದೆ. ಪ್ರಾಣಿಕೋಶಕ್ಕೆ ಹೊರಗಿರುವುದು ಕೋಶಪೊರೆ ಮಾತ್ರ. ಅದಕ್ಕೇ ನಮ್ಮ ಬಿಳಿ ರಕ್ತಕಣ ಮೈ ಚಾಚಿ ಬ್ಯಾಕ್ಟೀರಿಯಾ ನುಂಗಬಲ್ಲದು.

ಸಸ್ಯಕೋಶವೆಂದ ಮೇಲೆ ಹಸಿರೆಲ್ಲಿ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಕ್ಲೋರೋಪ್ಲಾಸ್ಟ್ ಇರುವುದು ಹಸಿರು ಭಾಗಗಳಲ್ಲಿ, ಮಣ್ಣೊಳಗೆ ಬೆಳೆದ ಗೆಡ್ಡೆಯ ಪೊರೆಯಲ್ಲಲ್ಲ.

ಕೆಂಪು ಈರುಳ್ಳಿಯ ಬಣ್ಣದ ಪೊರೆಗೆ ಗಟ್ಟಿ ಉಪ್ಪುನೀರು ಬಿಟ್ಟು ನೋಡಿ. ನೀರು ಕಳೆದುಕೊಂಡ ಒಳಭಾಗ ಮುದುಡಿ ಭಿತ್ತಿಯಿಂದ ಬಿಡಿಸಿಕೊಳ್ಳುತ್ತದೆ. ಭಿತ್ತಿ ಮಾತ್ರ ಇದ್ದಲ್ಲೇ ಇರುತ್ತದೆ. ಬಣ್ಣವೂ ಹಾಕಬೇಕಿಲ್ಲ.