ಹಸು ಕಂದು ಹಾಕಿತ್ತೇ? ವೈದ್ಯರಿಗೆ ಹೇಳಿ

ಸಂಜೆಯಾದರೆ ಚಳಿಜ್ವರ, ರಾತ್ರಿ ಹಾಸಿಗೆ ನೆನೆಯುವಷ್ಟು ಬೆವರು, ಬೆಳಿಗ್ಗೆ ಸೊಂಟನೋವು, ಕೀಲುನೋವು. ನಾಲ್ಕು ದಿನ ಮಾತ್ರೆ ನುಂಗಿದರೆ ಇಳಿಯುತ್ತದೆ, ಕೆಲವು ದಿನಕ್ಕೆ ಮತ್ತೆ ಬರುತ್ತದೆ. ತೋಟದಲ್ಲಿ ಕಾಯಿ ಹೊತ್ತ ಆಯಾಸವೆಂದು ಸುಮ್ಮನಾಗಬೇಡಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನ ತೋಟವಿರುವ ಮನೆಗಳಲ್ಲಿ ಹಸುವೋ ಮೇಕೆಯೋ ಇದ್ದೇ ಇರುತ್ತದೆ. ಈಚೆಗೆ ನಿಮ್ಮ ಕೊಟ್ಟಿಗೆಯಲ್ಲಿ ಯಾವುದಾದರೂ ಕಂದು ಹಾಕಿದ್ದರೆ ನಿಮ್ಮ ಜ್ವರ ಬ್ರುಸೆಲ್ಲೋಸಿಸ್, ಅಂದರೆ ದನಗಳ ಕಂದು ರೋಗವೇ ಇರಬಹುದು.

ಇದು ಎಂಥ ರೋಗಾಣು?

1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು ಈ ಬ್ಯಾಕ್ಟೀರಿಯವನ್ನು ಕಂಡುಹಿಡಿದರು. ಆದ್ದರಿಂದ ಇದಕ್ಕೆ ಬ್ರುಸೆಲ್ಲಾ ಎಂಬ ಹೆಸರು. ಹಸು ಎಮ್ಮೆಗಳಲ್ಲಿ ಒಂದು ಬಗೆ, ಕುರಿ ಮೇಕೆಗಳಲ್ಲಿ ಇನ್ನೊಂದು ಬಗೆ. ಮನುಷ್ಯರಿಗೆ ಕುರಿ ಮೇಕೆಯದೇ ಹೆಚ್ಚು ತೊಂದರೆ ಕೊಡುತ್ತದೆ.

ಗಬ್ಬದ ಹಸುವಿನ ಮಾಸಿನಲ್ಲಿ ಎರಿತ್ರಿಟಾಲ್ ಎಂಬ ವಸ್ತುವಿದೆ. ಅದು ಈ ರೋಗಾಣುವಿಗೆ ಒಳ್ಳೆಯ ಆಹಾರ. ಅಲ್ಲಿ ಹುಲುಸಾಗಿ ಬೆಳೆದು ಕಂದು ಹಾಕಿಸುತ್ತದೆ. ಮಾಸು, ಸತ್ತ ಕರು, ಹಾಲು ಎಲ್ಲದರಲ್ಲೂ ರೋಗಾಣು ಇರುತ್ತದೆ.

ಮೈಯೊಳಗೆ ಏನು ಮಾಡುತ್ತದೆ?

ಹಸಿ ಹಾಲು, ಕೈಯ ಗಾಯ, ಕಣ್ಣು, ಉಸಿರು ಇವೇ ಅದರ ದಾರಿ. ರೋಗಾಣುಗಳನ್ನು ನುಂಗಿ ಕೊಲ್ಲುವುದು ನಮ್ಮ ಬಿಳಿ ರಕ್ತಕಣಗಳ ಕೆಲಸ. ಬ್ರುಸೆಲ್ಲಾ ಮಾತ್ರ ನುಂಗಿಸಿಕೊಂಡರೂ ಸಾಯುವುದಿಲ್ಲ. ಕಳ್ಳ ಕಾವಲುಗಾರನ ಮನೆಯಲ್ಲೇ ಬಿಡಾರ ಹೂಡಿದಂತೆ ಆ ಕಣದೊಳಗೇ ಹೆಚ್ಚುತ್ತದೆ. ಅಲ್ಲಿಂದ ಯಕೃತ್ತು, ಗುಲ್ಮ, ಮೂಳೆಮಜ್ಜೆ, ಬೆನ್ನುಮೂಳೆ ಸೇರುತ್ತದೆ.

ಹೀಗೆ ಅಡಗಿರುವುದರಿಂದಲೇ ಜ್ವರ ಬಂದು ಬಂದು ಹೋಗುತ್ತದೆ. ಚಿಕಿತ್ಸೆಗೆ ಸಾಮಾನ್ಯವಾಗಿ ಎರಡು ಬಗೆಯ ಔಷಧಿ ಬೇಕು, ಕನಿಷ್ಠ ಆರು ವಾರ. ಮೈ ಹಗುರಾಯಿತೆಂದು ಎರಡನೇ ವಾರಕ್ಕೇ ಬಿಟ್ಟರೆ ಒಳಗೆ ಉಳಿದದ್ದು ಮತ್ತೆ ತಲೆ ಎತ್ತುತ್ತದೆ.

ಟೈಫಾಯಿಡ್ ಎಂದು ತಪ್ಪು ತಿಳಿಯುವುದೂ ಉಂಟು. ವಿಜಯಪುರದ ವೈದ್ಯರು 93 ಮಕ್ಕಳಲ್ಲಿ ಈ ರೋಗ ಪತ್ತೆಮಾಡಿ 2004ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಹೆಚ್ಚಿನವರು ಹಸಿ ಮೇಕೆ ಹಾಲು ಕುಡಿದಿದ್ದರು.

ನೀವು ಮಾಡಬೇಕಾದದ್ದು

1. ಹಾಲನ್ನು ಉಕ್ಕು ಬರುವಂತೆ ಕಾಯಿಸಿಯೇ ಕುಡಿಯಿರಿ. ಔಷಧಿಯೆಂದು ಮಕ್ಕಳಿಗೆ ಹಸಿ ಮೇಕೆ ಹಾಲು ಕೊಡಬೇಡಿ.

2. ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಹಾಕಿಕೊಳ್ಳಿ, ಆಮೇಲೆ ಸೋಪಿನಿಂದ ತೊಳೆಯಿರಿ. ಬಸುರಿಯರು ಹತ್ತಿರ ಹೋಗದಿರಲಿ.

3. ಹಾಲು ಹೆಚ್ಚಲಿ ಎಂದು ಮಾಸನ್ನು ಆಲದ ಮರಕ್ಕೆ ಕಟ್ಟುವ ರೂಢಿ ಬಿಡಿ. ಬಾವಿಯಿಂದ ದೂರ, ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ನಾಯಿಗೆ ಸಿಗಬಾರದು.

4. ಕಂದು ಹಾಕಿದರೆ ಪಶು ಆಸ್ಪತ್ರೆಗೆ ತಿಳಿಸಿ. 4ರಿಂದ 8 ತಿಂಗಳ ಹೆಣ್ಣು ಕರುವಿಗೆ ಒಮ್ಮೆ ಲಸಿಕೆ ಹಾಕಿಸಿ. ಮನುಷ್ಯರಿಗೆ ಈ ಲಸಿಕೆ ಇಲ್ಲ.

ಜ್ವರವೆಂದು ಆಸ್ಪತ್ರೆಗೆ ಬಂದಾಗ ನಿಮ್ಮ ಮೈಯ ಸಂಗತಿಯ ಜೊತೆ ಕೊಟ್ಟಿಗೆಯ ಸಂಗತಿಯನ್ನೂ ಹೇಳಿ. ಯಾವ ರಕ್ತಪರೀಕ್ಷೆ ಬೇಕೆಂಬುದು ವೈದ್ಯರಿಗೆ ಆಗ ತಿಳಿಯುತ್ತದೆ. ಮಾತ್ರೆಯನ್ನು ಚೀಟಿಯಲ್ಲಿ ಬರೆದಿರುವ ಕೊನೆಯ ದಿನದವರೆಗೂ ನುಂಗಿ.