ಲಾರಿಯ ದನಿಯಲ್ಲಿ ಅಡಗಿರುವ ಲೆಕ್ಕ

ನಾಲ್ಕು ಗಾಲಿಗಳಿಗೂ ಎಂಜಿನಿನ ಬಲವನ್ನು ಹಂಚಬಲ್ಲ ಸಣ್ಣ ಲಾರಿಯೊಂದರಲ್ಲಿ ನಾವು ಒಮ್ಮೆ ಸಕಲೇಶಪುರದ ಕಡೆಗೆ ಹೊರಟಿದ್ದೆವು. ಹಿಂದಿನ ಬೆಂಚುಗಳಲ್ಲಿ ಆರು ಮಂದಿ ವಿದ್ಯಾರ್ಥಿಗಳಿದ್ದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಲಾರಿಯ ಅಡಿಯಿಂದ ಹಕ್ಕಿ ಕೂಗಿದಂತೆ 'ಚಿರಕ್, ಚಿರಕ್' ಎಂಬ ಸದ್ದು ಕೇಳತೊಡಗಿತು. ಬ್ರೇಕು ಗಾಲಿಯ ಡ್ರಮ್ಮಿಗೆ ಉಜ್ಜುತ್ತಿದೆಯೆಂದು ನಮ್ಮ ಊಹೆ. "ಕ್ರಾಸು ಒಣಗಿರಬೇಕು, ಮೇಷ್ಟ್ರೇ" ಎಂದನು ಚಾಲಕ. ಮುಂದಿದ್ದುದು ಘಟ್ಟದ ದಾರಿ. ಯಾರ ಮಾತು ನಿಜವೆಂಬುದನ್ನು ಅಲ್ಲಿಯೇ ತೀರ್ಮಾನಿಸಬೇಕಾಗಿತ್ತು.

ಇಂಥ ವಾಹನದಲ್ಲಿ ಬಲವು ಹರಿಯುವ ದಾರಿಯನ್ನು ಮೊದಲು ತಿಳಿಯೋಣ. ಎಂಜಿನಿನಿಂದ ಗೇರುಪೆಟ್ಟಿಗೆಗೆ, ಅಲ್ಲಿಂದ ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಇನ್ನೊಂದು ಪೆಟ್ಟಿಗೆಗೆ, ಅದರಿಂದ ಎರಡು ಉದ್ದನೆಯ ಷಾಫ್ಟುಗಳ ಮೂಲಕ ಹಿಂದಿನ ಮತ್ತು ಮುಂದಿನ ಅಚ್ಚುಗಳಿಗೆ ಬಲವು ಸಾಗುತ್ತದೆ. ಅಚ್ಚಿನ ನಡುವೆ 10 ಹಲ್ಲುಗಳ ಪುಟ್ಟ ಪಿನಿಯನ್ 41 ಹಲ್ಲುಗಳ ದೊಡ್ಡ ಚಕ್ರವನ್ನು ತಿರುಗಿಸುತ್ತದೆಯೆಂದು ಇಟ್ಟುಕೊಳ್ಳಿ. ಆಗ ಗಾಲಿ ಒಂದು ಸುತ್ತು ಸುತ್ತುವಷ್ಟರಲ್ಲಿ ಷಾಫ್ಟು 4.1 ಸುತ್ತು ಸುತ್ತಿರಬೇಕು. ಸದ್ದಿನ ಗುಟ್ಟನ್ನು ಒಡೆಯುವ ಕೀಲಿಕೈ ಈ ಸಂಖ್ಯೆಯೇ.

ಲಾರಿಯನ್ನು ನಿರ್ಜನವಾದ ಸಮತಟ್ಟು ರಸ್ತೆಯಲ್ಲಿ, ಮುಂದಿನ ಗಾಲಿಗಳನ್ನು ಷಾಫ್ಟಿನಿಂದ ಬಿಡಿಸಿ, ನಡಿಗೆಯ ವೇಗದಲ್ಲಿ ಓಡಿಸಲು ಹೇಳಿದೆವು. ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿದ್ದಾಯಿತು. ಒಬ್ಬ ವಿದ್ಯಾರ್ಥಿ ದೂರದಲ್ಲಿ ನಡೆಯುತ್ತ ಗಾಲಿಯ ಸುತ್ತುಗಳನ್ನು, ಇನ್ನೊಬ್ಬನು ಒಳಗೆ ಕುಳಿತು 'ಚಿರಕ್'ಗಳನ್ನು ಎಣಿಸಿದರು. ಬ್ರೇಕಿನ ಉಜ್ಜಾಟವಾಗಿದ್ದರೆ ಗಾಲಿಯ 6 ಸುತ್ತುಗಳಿಗೆ 6 ಸದ್ದುಗಳು ಬರಬೇಕಾಗಿತ್ತು. ಬಂದುವು 25! ಸದ್ದು ಷಾಫ್ಟಿನದೇ, ಮುಂದಿನ ಷಾಫ್ಟು ಸುಮ್ಮನಿದ್ದುದರಿಂದ, ಹಿಂದಿನದು. ಚಾಲಕನು ಗೆದ್ದಿದ್ದನು.

ಅವನು ಹೇಳಿದ ಕ್ರಾಸು ಎಂಬುದು ಷಾಫ್ಟಿನ ತುದಿಯ ಶಿಲುಬೆಯಾಕಾರದ ಕೀಲು. ಸ್ಥಿತಿಸ್ಥಾಪಕತ್ವದ ನಿಯಮದಿಂದ ನಿಮಗೆ ಪರಿಚಿತನಾದ ರಾಬರ್ಟ್ ಹುಕ್‌ನ ಹೆಸರನ್ನೇ ಈ ಕೀಲೂ ಹೊತ್ತಿದೆ. ಇದಕ್ಕೊಂದು ವಿಚಿತ್ರ ಗುಣವುಂಟು: ಬಾಗಿದ ಕೀಲಿನ ಒಂದು ಬದಿ ಸಮವೇಗದಿಂದ ತಿರುಗಿದರೂ ಇನ್ನೊಂದು ಬದಿ ಪ್ರತಿ ಸುತ್ತಿನಲ್ಲಿ ಎರಡು ಬಾರಿ ವೇಗ ಪಡೆದು ಎರಡು ಬಾರಿ ನಿಧಾನವಾಗುತ್ತದೆ. ಕೋನವು 15 ಡಿಗ್ರಿಯಾದರೆ ಈ ಏರಿಳಿತ ನೂರಕ್ಕೆ ಸುಮಾರು 3.5ರಷ್ಟು. ಷಾಫ್ಟಿನ ಇನ್ನೊಂದು ತುದಿಯ ಕೀಲನ್ನು ಸರಿಯಾದ ಸ್ಥಾನದಲ್ಲಿ ಕೂಡಿಸಿದರೆ ಅದು ಈ ದೋಷವನ್ನು ಅಳಿಸುತ್ತದೆ. ಬಿಚ್ಚಿ ತಪ್ಪಾಗಿ ಕೂಡಿಸಿದರೆ ಲಾರಿಯೇ ನಡುಗುತ್ತದೆ.

ಉಳಿದ ಸದ್ದುಗಳಿಗೂ ಅರ್ಥವುಂಟು. ಮುಂದಕ್ಕೂ ಹಿಂದಕ್ಕೂ ಗೇರು ಬದಲಿಸುವಾಗ 'ಟಕ್' ಎಂದರೆ ಎಲ್ಲಿಯೋ ಸಡಿಲವಿದೆ. ತಿರುವಿನಲ್ಲಿ ಗುಂಯ್‌ಗುಡುವ ದನಿ ಹೆಚ್ಚಿ, ಎದುರು ತಿರುವಿನಲ್ಲಿ ತಗ್ಗಿದರೆ, ಭಾರ ಹೊತ್ತ ಹೊರಬದಿಯ ಗಾಲಿಯ ಬೇರಿಂಗನ್ನು ಶಂಕಿಸಬೇಕು. ಹಲ್ಲುಚಕ್ರದ ಕೀರಲು ದನಿಯಾದರೆ, ಲಾರಿಯ ವೇಗವನ್ನು ಹಾಗೆಯೇ ಇಟ್ಟು ಗೇರು ಬದಲಿಸಿ ನೋಡಿ: ಸ್ವರ ಬದಲಾಗದಿದ್ದರೆ ಅದರ ಮೂಲ ಗೇರುಪೆಟ್ಟಿಗೆಯಿಂದ ಆಚೆಗಿದೆ. 75 ಸೆಂಟಿಮೀಟರು ವ್ಯಾಸದ ಗಾಲಿ ಗಂಟೆಗೆ 36 ಕಿಲೋಮೀಟರು ವೇಗದಲ್ಲಿ ಉರುಳುವಾಗ ನಮ್ಮ 41 ಹಲ್ಲುಗಳ ಚಕ್ರವು ಸೆಕೆಂಡಿಗೆ ಸುಮಾರು 174 ಕಂಪನಗಳ ಸ್ವರವನ್ನು ಹೊರಡಿಸುತ್ತದೆ.

ಒಂದು ಸದ್ದು ಮಾತ್ರ ಚಾಲಕನ ತಪ್ಪಿನಿಂದ ಹುಟ್ಟತಕ್ಕದ್ದು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗಬೇಕು. ಎರಡು ಷಾಫ್ಟುಗಳನ್ನೂ ಬಿಗಿಯಾಗಿ ಜೋಡಿಸುವ ಲಾರಿಯನ್ನು ಒಣ ಟಾರು ರಸ್ತೆಯಲ್ಲಿ ನಾಲ್ಕು ಗಾಲಿಗಳ ಬಲದಿಂದ ತಿರುಗಿಸಿದರೆ ಆ ಅಂತರಕ್ಕೆ ಎಡೆಯಿಲ್ಲ. ಷಾಫ್ಟುಗಳು ಹುರಿಗೊಂಡು ನರಳುತ್ತವೆ. ಕೆಸರಿನಲ್ಲಾದರೋ ಗಾಲಿ ಜಾರಿ ಆ ಬಿಗುವನ್ನು ಬಿಡಿಸುತ್ತದೆ.

ಎಂಜಿನನ್ನು ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಚಾಲಕನು ಹಿಂದಿನ ಷಾಫ್ಟನ್ನು ಕೈಯಿಂದ ಅಲುಗಿಸಿದನು. ಕೀಲು ಕದಲಿತು, ಅದರ ಸುತ್ತ ಕೆಂಪು ತುಕ್ಕಿನ ಪುಡಿ. ಅದು ಮುರಿದಿದ್ದರೆ ಷಾಫ್ಟು ಕಳಚಿ ರಸ್ತೆಗೆ ಬಡಿಯುತ್ತಿತ್ತು. ಹೊಸ ಕ್ರಾಸು ಹಾಕಿಸಿಕೊಂಡು, ಮೂರು ಗಂಟೆ ತಡವಾಗಿ, ಆದರೆ ನಿಶ್ಚಿಂತರಾಗಿ ಘಟ್ಟವನ್ನು ಇಳಿದೆವು. ಅನುಭವದ ಕಿವಿ ಮೊದಲೇ ಅರಿತಿದ್ದುದನ್ನು ನಾವು ಎಣಿಸಿ ಅರಿತೆವು, ಅಷ್ಟೆ.